ಕೆರೆ ದಾಟಿ ಎಡಕ್ಕೆ

ಆ ಊರಿನಲ್ಲಿ ಯಾವುದೇ ವಸ್ತು ವಿಳಾಸದೊಳಗೆ ಸೇರಬೇಕಾದರೆ ಮೊದಲು ಅದು ಇಲ್ಲವಾಗಬೇಕಿತ್ತು. ಮರ ನಿಂತಿರುವಷ್ಟು ಕಾಲ ಬರೀ ಮರ. ಗಾಳಿಗೆ ಉರುಳಿದ ಮರುದಿನದಿಂದ ಅದು ‘ದೊಡ್ಡ ಮರದ ತಿರುವು’. ಎಣ್ಣೆ ಮಿಲ್ಲು ಓಡುತ್ತಿದ್ದಾಗ ಅದರ ಸದ್ದಿಗೆ ಶಾಪ ಹಾಕಿದವರೇ ಎಲ್ಲ. ಸುಟ್ಟು ಬೂದಿಯಾದ ಮೇಲೆ ಅರ್ಧ ಊರು ‘ಮಿಲ್ಲಿನ ಎದುರು’ ವಾಸಿಸತೊಡಗಿತು. ಉಳಿದರ್ಧ ಇದ್ದದ್ದು ಕೆರೆಯ ಪಕ್ಕ. ಕೆರೆ ಬತ್ತಿ, ಅದರೊಳಗೆ ಮೂರು ಓಣಿ ಮನೆಗಳೆದ್ದು, ಆ ಮನೆಗಳಿಗೆ ಎರಡು ಸಲ ಸುಣ್ಣ ಬಳಿದದ್ದೂ ಆಗಿತ್ತು.

ಇದನ್ನು ಆಂಬುಲೆನ್ಸ್ ಡ್ರೈವರನಿಗೆ ಯಾರೂ ಮೊದಲೇ ಹೇಳಿರಲಿಲ್ಲ. ಹೇಳಬೇಕಾದ ಸಂಗತಿ ಎಂದು ಊರಿನವರಿಗೆ ಅನ್ನಿಸಿರಲೂ ಇಲ್ಲ.

ಅವನು ಪರಸ್ಥಳದವನು. ಊರಿಗೆ ಮೊಟ್ಟಮೊದಲ ಆಂಬುಲೆನ್ಸ್ ಬಂದಾಗ ಅದರ ಜೊತೆಗೇ ಬಂದವನು. ಗಾಡಿ ಬಂದದ್ದು ಪರೀಕ್ಷೆಗೆ. ಆರು ತಿಂಗಳು ನೋಡುವುದು, ಕರೆದಲ್ಲಿಗೆ ಹೊತ್ತಿಗೆ ಸರಿಯಾಗಿ ತಲುಪಿದರೆ ಇಲ್ಲೇ ಉಳಿಸುವುದು, ಇಲ್ಲವಾದರೆ ಹೆದ್ದಾರಿಯ ಮೇಲಿನ ದೊಡ್ಡ ಊರಿಗೆ ಕೊಡುವುದು ಎಂದು ಮೇಲಿನ ಕಚೇರಿ ತೀರ್ಮಾನಿಸಿತ್ತು. ಗಾಡಿ ಹೋದರೆ ಡ್ರೈವರನೂ ಹೋಗಬೇಕು. ಮದುವೆಯಾದಂದಿನಿಂದ ಅವನ ಹೆಂಡತಿ ಪಾತ್ರೆಗಳನ್ನು ಇಳಿಸಿದ್ದಕ್ಕಿಂತ ಗಂಟು ಕಟ್ಟಿದ್ದೇ ಹೆಚ್ಚು. ಈಗ ಮೂರು ತಿಂಗಳ ಬಸುರಿ. ಈ ಊರಿನ ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ ಕೊನೆಯ ಪಾತ್ರೆಯನ್ನು ಗೂಡಿನಲ್ಲಿಟ್ಟು, ಸೊಂಟಕ್ಕೆ ಕೈಕೊಟ್ಟು ನಿಂತು, ಅವಳು ಸ್ಪಷ್ಟವಾಗಿ ಹೇಳಿದ್ದಳು:

“ರೀ, ಕೇಳಿ. ಇನ್ನೊಂದ್ಸಲ ಗಂಟು ಕಟ್ಟು ಅಂದ್ರೆ ನಾನು ಕಟ್ಟೋದು ಪಾತ್ರೆನಲ್ಲ, ನಿಮ್ಮನ್ನ.”

ಅಂದು ಅವನು ಎದುರಾಡುವ ಸ್ಥಿತಿಯಲ್ಲಿರಲಿಲ್ಲ. ಸಾಮಾನು ಇಳಿಸಲೆಂದು ಆಂಬುಲೆನ್ಸನ್ನು ಹಿಂದೆ ಹಿಂದೆ ಓಣಿಯೊಳಗೆ ತರುವಾಗ ಮನೆಯೊಡತಿ ಅಜ್ಜಿಯ ಕಬ್ಬಿಣದ ಗೇಟಿಗೆ ಗುದ್ದಿ, ಅದನ್ನು ಕಂಬದ ಸಮೇತ ಮಲಗಿಸಿದ್ದ. ಓಣಿಗೆ ಓಣಿಯೇ ಬಂದು ನೋಡಿ ಹೋಗಿತ್ತು. ಸಂಜೆಯೊಳಗೆ ಅವನು ವೆಲ್ಡಿಂಗಿನವನನ್ನು ಕರೆತಂದು ಗೇಟು ನಿಲ್ಲಿಸಿ, ಹಸಿರು ಬಣ್ಣವನ್ನೂ ಬಳಿಸಿದ. ಅಜ್ಜಿ ಬೈಯಲಿಲ್ಲ. ಗೇಟಿನ ಕಡೆ ನೋಡಲೂ ಇಲ್ಲ.

“ಬಿಡಪ್ಪಾ, ಬಿದ್ದದ್ದು ಬಿತ್ತು,” ಎಂದಳು, ಏನೋ ಗಳಿಸಿಕೊಂಡವಳ ದನಿಯಲ್ಲಿ.

ಮೊದಲ ಕರೆ ಬಂದದ್ದು ಮೂರನೆಯ ದಿನ. ಕರೆಗಳೆಲ್ಲ ಮೊದಲು ದೂರದ ಪಟ್ಟಣದ ಕಂಟ್ರೋಲ್ ರೂಮಿಗೆ ಹೋಗುತ್ತಿದ್ದವು. ಅಲ್ಲಿನ ಹುಡುಗಿ ಕೇಳಿಸಿಕೊಂಡದ್ದನ್ನು ಹಾಗೇ ಡ್ರೈವರನಿಗೆ ದಾಟಿಸುತ್ತಿದ್ದಳು. “ಎದೆನೋವು. ದೊಡ್ಡ ಮರದ ಹತ್ರ,” ಎಂದಳು. ಡ್ರೈವರ್ ಸೈರನ್ ಹಾಕಿಕೊಂಡು ಹೊರಟ. ಊರಿನಲ್ಲಿ ದೊಡ್ಡವು ಎನ್ನಬಹುದಾದ ಮರಗಳಿಗೆಲ್ಲ ಒಂದೊಂದು ಸುತ್ತು ಹಾಕಿದ. ಸಣ್ಣವನ್ನೂ ಅನುಮಾನಿಸಿದ. ಕೊನೆಗೆ ಒಂದೇ ಒಂದು ಮರವಿಲ್ಲದ ತಿರುವಿನಲ್ಲಿ ಮನೆ ಸಿಕ್ಕಿತು. ಅಷ್ಟರಲ್ಲಿ ರೋಗಿಗೆ ಎದೆನೋವು ನಿಂತು, ಊಟವೂ ಆಗಿ, ಅವನು ಎಲ್ಲರಿಗಿಂತ ಮುಂದೆ ಬಂದು ಬಾಗಿಲು ತೆರೆದ.

“ಬನ್ನಿ ಬನ್ನಿ, ಕೂತ್ಕೊಳ್ಳಿ. ಸುಸ್ತಾದಂಗೆ ಕಾಣ್ತೀರಿ,” ಎಂದ.

ಎರಡನೆಯದು ಮಿಲ್ಲಿನ ಎದುರು, ಕಾಲು ಮುರಿತ. ಮಿಲ್ಲಿಗಾಗಿ ಅವನು ಹೊಗೆಕೊಳವೆ ಹುಡುಕುತ್ತ ಆಕಾಶ ನೋಡಿಕೊಂಡು ಗಾಡಿ ಓಡಿಸುತ್ತಿದ್ದಾಗ, ಕಾಲು ಮುರಿದವನು ಇಟ್ಟಿಗೆ ಸಾಗಿಸುವ ಟ್ರ್ಯಾಕ್ಟರಿನಲ್ಲಿ ಮಲಗಿ, ಆಂಬುಲೆನ್ಸನ್ನು ಹಿಂದೆ ಹಾಕಿ ಮುಂದೆ ಹೋದ. ಹೋಗುವಾಗ ಕೈ ಬೀಸಿದ. ಹಿಂದೆ ಕುಳಿತಿದ್ದ ನರ್ಸಮ್ಮ ಕಿಟಕಿಯಿಂದ ಅದನ್ನು ನೋಡಿ, “ಅವರಿಗೆ ನಾವು ಬೇಕಾಗಿಲ್ಲ ಅನ್ಸತ್ತೆ,” ಎಂದು ಹೇಳಿ ಮತ್ತೆ ನೂಲು ಹೆಣೆಯತೊಡಗಿದಳು. ಅವಳದೂ ಬೇರೆ ಊರು. ಗಾಡಿ ಎತ್ತ ತಿರುಗಿದರೂ ಹೆಣಿಗೆ ತಪ್ಪದಂತೆ ಕೂರುವುದನ್ನು ಕಲಿತಿದ್ದಳು.

ದೂರುಗಳು ಮೇಲಿನ ಕಚೇರಿಗೆ ಹೋದವು. ಡ್ರೈವರ್ ಗಾಡಿ ನಿಲ್ಲಿಸುವ ಜಾಗದ ಎದುರಿನ ಚಹಾದಂಗಡಿಯಲ್ಲಿ ಕುಳಿತು ಗೋಳು ತೋಡಿಕೊಂಡ.

“ಅಲ್ಲಣ್ಣಾ, ಅಲ್ಲಿ ಸಾಲಾಗಿ ಟೈಲರ್ ಅಂಗಡಿಗಳಿವೆ. ಟೈಲರ್ ಅಂಗಡಿ ಎದುರು ಅಂದ್ರೆ ಬಾಯಿ ಸವೆಯತ್ತಾ? ಇಲ್ಲದಿರೋ ಮಿಲ್ಲಿನ ಹೆಸರು ಯಾಕೆ ಹೇಳ್ತೀರಾ?”

ಚಹಾದಣ್ಣ ಲೋಟ ತೊಳೆಯುತ್ತಿದ್ದವನು ಕೈ ನಿಲ್ಲಿಸಿ ಅವನನ್ನು ಕನಿಕರದಿಂದ ನೋಡಿದ.

“ಇರೋದನ್ನ ಯಾಕೆ ಹೇಳ್ಬೇಕು ಡ್ರೈವರಣ್ಣಾ? ಇರೋದು ಕಾಣತ್ತಲ್ಲ. ಕಾಣದೆ ಇರೋದನ್ನ ತಾನೇ ಬಾಯಲ್ಲಿ ಹೇಳ್ಬೇಕಾಗಿರೋದು?”

ಈ ವಾದದಲ್ಲಿ ಎಲ್ಲೋ ಒಂದು ತೂತಿದೆ ಎಂದು ಡ್ರೈವರನಿಗೆ ಖಾತ್ರಿಯಿತ್ತು. ಚಹಾ ಮುಗಿಯುವ ತನಕ ಹುಡುಕಿದರೂ ಸಿಗಲಿಲ್ಲ.

“ಹೋಗ್ಲಿ, ನನ್ನ ಗಾಡಿ? ಇಷ್ಟು ದೊಡ್ಡ ಗಾಡಿ, ಮೈತುಂಬ ಕೆಂಪು ಅಕ್ಷರ. ಇದು ನಿಂತಿರೋ ಜಾಗಕ್ಕೆ ಇನ್ನೂ ಕೋಳಿ ಅಂಗಡಿ ಅಂತೀರಲ್ಲ! ಇಲ್ಲಿ ಕೋಳಿ ಎಲ್ಲಿದೆ?”

“ಇತ್ತು. ನಮ್ಮಪ್ಪನ ಕಾಲದಲ್ಲಿ.”

“ಹಾಗಾದ್ರೆ ಆಂಬುಲೆನ್ಸ್ ಸ್ಟ್ಯಾಂಡ್ ಅನ್ನೋದು ಯಾವಾಗ?”

“ಅಂತೀವಿ, ಅಂತೀವಿ,” ಎಂದು ಚಹಾದಣ್ಣ ಸಮಾಧಾನ ಮಾಡಿದ. “ಗಾಡಿ ಒಂದ್ಸಲ ಹೋಗ್ಲಿ. ಆಮೇಲೆ ನೋಡಿ, ಬೇರೆ ಹೆಸರೇ ಯಾರ ಬಾಯಲ್ಲೂ ಬರಲ್ಲ.”

ಮನೆಗೆ ಬಂದು ಇದನ್ನೆಲ್ಲ ಹೇಳಿದಾಗ ಹೆಂಡತಿ ನಕ್ಕಳು, ಆಮೇಲೆ ಪಾತ್ರೆಯ ಗೂಡಿನ ಕಡೆ ನೋಡಿ ನಗು ನಿಲ್ಲಿಸಿದಳು. ಗೋಡೆಯಾಚೆಯಿಂದ ಕೇಳಿಸಿಕೊಂಡಿದ್ದ ಅಜ್ಜಿ ಮರುಸಂಜೆ ಚಪ್ಪಲಿ ಮೆಟ್ಟಿ ಬಾಗಿಲಿಗೆ ಬಂದು ನಿಂತಳು. “ಏಳು ಮಗಾ. ಊರು ತೋರಿಸ್ತೀನಿ.”

ಹೀಗೆ ಪಾಠ ಶುರುವಾಯಿತು. ಊರು ಒಂದು ಬೋಳುಗುಡ್ಡಕ್ಕೂ ಒಂದು ಹೊಳೆಗೂ ನಡುವೆ ಇಳಿಜಾರಿನಲ್ಲಿ ಕುಳಿತಿತ್ತು. ಮೇಲಿನ ಬೀದಿಯ ಮಕ್ಕಳ ಕೈತಪ್ಪಿದ ಚೆಂಡು ಕೆಳಗಿನ ಬೀದಿಯ ಮಕ್ಕಳ ಆಸ್ತಿಯಾಗುತ್ತಿತ್ತು. ಕಣ್ಣಿಗೆ ಕಾಣುವ ಭೂಗೋಳ ಇಷ್ಟೇ. ಅಜ್ಜಿಯ ಊರು ಇದರ ನಾಲ್ಕರಷ್ಟಿತ್ತು. ಹೊಳೆ ಒಂದು ಮಳೆಗಾಲದಲ್ಲಿ ಮನಸ್ಸು ಬದಲಿಸಿ ಆಚೆ ದಂಡೆಗೆ ಸರಿದದ್ದು, ಅದರ ಸಿಟ್ಟಿಗೆ ಕೆರೆ ಬತ್ತಿದ್ದು, ಕೆರೆಯಂಗಳವನ್ನು ಹರಾಜಿನಲ್ಲಿ ಕೊಂಡವನು ಈಜು ಬಾರದ ಮನುಷ್ಯ ಎಂಬುದು. ಮಿಲ್ಲಿಗೆ ಬೆಂಕಿ ಬಿದ್ದಾಗ ನೀರು ಸೇದಲು ಜನ ರೂಢಿಯಂತೆ ಬತ್ತಿದ ಕೆರೆಗೇ ಬಕೆಟ್ ಹಿಡಿದು ಓಡಿದ್ದು. ಸಿನಿಮಾ ಟಾಕೀಸಿನ ತಗಡು ಆಟದ ನಡುವೆಯೇ ಹಾರಿಹೋದಾಗ ಎದ್ದು ಹೋಗದೆ ಮಳೆಯಲ್ಲೇ ಕೊನೆತನಕ ನೋಡಿದ್ದು. ಗಡಿಯಾರದ ಕಂಬವನ್ನು, ಅದು ಹೇಳುವ ಹೊತ್ತು ಮೇಲಿನ ಬೀದಿಗೊಂದು ಕೆಳಗಿನ ಬೀದಿಗೊಂದು ಎಂಬ ಜಗಳದಲ್ಲಿ ಕಿತ್ತದ್ದು. ಇವನ್ನೆಲ್ಲ ಅಜ್ಜಿ ನಡೆಯುತ್ತ ನಡೆಯುತ್ತ ಹೇಳುತ್ತಿದ್ದಳು. ಕೆರೆ ಏರಿಯ ಮೆಟ್ಟಿಲಿದ್ದ ಜಾಗ ಬಂದರೆ ಚಪ್ಪಟೆ ಟಾರು ರಸ್ತೆಯಲ್ಲಿ ಹುಷಾರಾಗಿ ಒಂದೊಂದೇ ಹೆಜ್ಜೆ ಇಳಿದಂತೆ ಇಳಿಯುತ್ತಿದ್ದಳು. ಕೆರೆಯ ಓಣಿಗೆ ಬಂದರೆ ಬಟ್ಟೆ ನೆನೆಯದಂತೆ ನೆರಿಗೆ ಎತ್ತಿ ಹಿಡಿಯುತ್ತಿದ್ದಳು. ವಾರ ಕಳೆಯುವಷ್ಟರಲ್ಲಿ ಡ್ರೈವರನೂ ಪ್ಯಾಂಟಿನ ಕಾಲು ಮಡಚಿಕೊಳ್ಳುವಷ್ಟು ಮುಂದುವರಿದಿದ್ದ.

ಪಾಠ ಫಲ ಕೊಟ್ಟಿತು. ಕರೆದಲ್ಲಿಗೆ ಗಾಡಿ ಬಾಣದಂತೆ ತಲುಪತೊಡಗಿತು. ಆದರೆ ಮೊದಲ ತಿಂಗಳುಗಳ ದೂರುಗಳು ಮೇಲಿನ ಕಚೇರಿಯಲ್ಲಿ ಹಾಗೇ ಇದ್ದವು. ಆರನೆಯ ತಿಂಗಳು ಮುಗಿಯುತ್ತ ಬಂದಾಗ, ಗಾಡಿಯನ್ನು ವಾಪಸು ಕರೆಸಿಕೊಳ್ಳುವ ಮಾತು ನಡೆದಿದೆ, ಸೂಪರ್‌ವೈಸರ್ ಕೊನೆಯ ಸಲ ನೋಡಿ ಹೋಗಲು ಬರುತ್ತಾರೆ ಎಂದು ಸುದ್ದಿ ಬಂತು.

ಅವರು ಬರಬೇಕಿದ್ದ ದಿನ ಬೆಳಿಗ್ಗೆ ಡ್ರೈವರ್ ಚಹಾ ಕುಡಿಯುತ್ತಿದ್ದಾಗ ತರಕಾರಿ ಗಾಡಿಯವನೊಬ್ಬ ಬಂದು ಎಲ್ಲಿ ನಿಲ್ಲಿಸಲಿ ಎಂದು ಕೇಳಿದ.

“ಅಲ್ಲೇ, ಆಂಬುಲೆನ್ಸ್ ಸ್ಟ್ಯಾಂಡ್ ಪಕ್ಕ,” ಎಂದ ಚಹಾದಣ್ಣ.

ಡ್ರೈವರ್ ಚಹಾದಣ್ಣನ ಕಡೆ ತಿರುಗಿದ. ಲೋಟ ಕೆಳಗಿಟ್ಟ. “ಏನಂದ್ರಿ?”

ಚಹಾದಣ್ಣ ನಾಲಗೆ ಕಚ್ಚಿಕೊಂಡ. “ಬಾಯಿ ತಪ್ಪಿ ಬಂತು ಡ್ರೈವರಣ್ಣಾ. ನಿನ್ನೆಯಿಂದ ಎಲ್ಲರೂ ಹಾಗೇ ಅಂತಿದಾರೆ... ಇನ್ನೊಂದ್ ಚಹಾ ಕುಡೀರಿ. ದುಡ್ಡು ಬೇಡ.”

ಬಿಟ್ಟಿ ಚಹಾ ಸಾವಿನ ಮನೆಯ ಉಪಚಾರದಂತಿತ್ತು.

ಸೂಪರ್‌ವೈಸರ್ ತೆಳ್ಳಗಿನ, ಇಸ್ತ್ರಿ ಮುರಿಯದ ಮನುಷ್ಯ. ಗಾಡಿಯ ಮುಂದಿನ ಸೀಟಿನಲ್ಲಿ ಕುಳಿತು ಕೈಗಡಿಯಾರ ಬಿಚ್ಚಿ ಅಂಗೈಯಲ್ಲಿಟ್ಟುಕೊಂಡರು. “ನೋಡ್ರೀ, ನನಗೆ ನಿಮ್ಮ ಮೇಲೆ ದ್ವೇಷ ಏನಿಲ್ಲ. ಒಂದು ಕರೆ ಬರ್ಲಿ. ಹೋಗೋಣ. ಹೊತ್ತು ನೋಡೋಣ. ಅಷ್ಟೇ.”

ಕರೆ ಬರಲು ತಡವಾಗಲಿಲ್ಲ. “ಹೆರಿಗೆ ಕೇಸು,” ಎಂದಳು ಕಂಟ್ರೋಲ್ ರೂಮಿನ ಹುಡುಗಿ. “ಯಾರೋ ವಯಸ್ಸಾದವರು ಮಾತಾಡಿದ್ದು. ನೋವು ಜೋರಾಗಿದೆಯಂತೆ. ಗೇಟು ಬಿದ್ದ ಮನೆ ಅಂತೆ.”

“ಇನ್ನೇನಾದ್ರೂ ಹೇಳಿದ್ರಾ ತಂಗಿ?”

“ಕೇಳ್ದೆ ಸಾರ್. ಡ್ರೈವರಿಗೆ ಎಲ್ಲಾ ನಾನೇ ಕಲಿಸಿದೀನಿ, ಗೊತ್ತಾಗತ್ತೆ ಅಂತ ಫೋನಿಟ್ಬಿಟ್ರು.”

ಕೊನೆಯ ಮಾತು ಡ್ರೈವರನಿಗೆ ಕೇಳಿಸಲಿಲ್ಲ. ಅವನು ಆಗಲೇ ಸೈರನ್ ಒತ್ತಿದ್ದ. ಹೆಂಡತಿಗೆ ಇನ್ನೂ ಮೂರು ವಾರವಿತ್ತು, ಹಾಗಾಗಿ ಆ ಕಡೆಗೆ ಅವನ ಮನಸ್ಸು ಹೊರಳಲೂ ಇಲ್ಲ. ಅವನ ತಲೆಯಲ್ಲಿ ಇದ್ದದ್ದು ಗೇಟು. ಗೇಟು ಎಂದರೆ ಸುಂಕದ ಕಟ್ಟೆಯೇ ಇರಬೇಕು. ಹೆದ್ದಾರಿ ಬರುವ ಮುನ್ನ ಅಲ್ಲಿ ರಸ್ತೆಗೆ ಅಡ್ಡ ಗೇಟಿತ್ತು ಎಂದು ಅಜ್ಜಿ ಹೇಳಿದ್ದಳು. ಗಾಡಿ ಗುಡ್ಡದ ಬುಡಕ್ಕೆ ಹಾರಿತು. ಅಲ್ಲಿ ಜಗಲಿಯ ಮೇಲೆ ಮೀಸೆ ತಿರುವುತ್ತಿದ್ದ ತಾತನೊಬ್ಬ ಕೈಯಾಡಿಸಿದ.

“ಇಲ್ಲಿ ಯಾರು ಹೆರೋರಿದಾರೆ? ಇಲ್ಲಿಯ ಗೇಟು ಬಿದ್ದದ್ದಲ್ಲಪ್ಪಾ, ತೆಗೆದದ್ದು. ಬಿದ್ದದ್ದಕ್ಕೂ ತೆಗೆದದ್ದಕ್ಕೂ ವ್ಯತ್ಯಾಸ ಬೇಡ್ವೇ?”

“ಹಾಗಾದ್ರೆ ಬಿದ್ದದ್ದು ಎಲ್ಲಿ ತಾತಾ?”

ತಾತ ಡ್ರೈವರನ ಮುಖವನ್ನು ಒಂದು ಗಳಿಗೆ ನೋಡಿ, ಇದ್ದಕ್ಕಿದ್ದಂತೆ ನಗತೊಡಗಿದ. ನಗುತ್ತ ನಗುತ್ತ ಮನೆಯೊಳಗೆ ತಿರುಗಿ, “ಏ, ಇಲ್ಲಿ ಬನ್ರೋ! ಗೇಟು ಬಿದ್ದ ಮನೆ ಎಲ್ಲಿ ಅಂತ ಯಾರು ಕೇಳ್ತಿದಾರೆ ನೋಡ್ರೋ!” ಎಂದು ಕೂಗಿದ. ಹೊರಗೆ ಬಂದವರೂ ನಕ್ಕರು. ಸೂಪರ್‌ವೈಸರ್ ಗಡಿಯಾರ ನೋಡಿದರು.

“ತಾತಾ, ನಗೋದು ಆಮೇಲೆ ಇಟ್ಕೊಳ್ಳಿ! ದಾರಿ ಹೇಳಿ!”

“ಟಾಕೀಸಿನ ತನಕ ನೇರ ಹೋಗು. ಗಡಿಯಾರದ ಹತ್ರ ಇಳಿ. ಕೆರೆ ದಾಟಿ ಎಡಕ್ಕೆ.”

ಡ್ರೈವರ್ ಗಾಡಿ ತಿರುಗಿಸಿದ. ದಾರಿ ಕಿವಿಗೆ ಬಿದ್ದದ್ದೇ ತಡ, ಅವನ ಕೈ ತಾನೇ ಕೆಲಸ ಮಾಡತೊಡಗಿತು. ಇಲ್ಲದ ಟಾಕೀಸನ್ನು ದಾಟಿ, ಇಲ್ಲದ ಗಡಿಯಾರಕ್ಕೆ ಸುತ್ತು ಹಾಕಿ, ಇಳಿಜಾರಿಗೆ ಬಿದ್ದ. ಸೂಪರ್‌ವೈಸರ್ ಕಿಟಕಿಯ ಆಚೆ ಈಚೆ ನೋಡುತ್ತ ಚಡಪಡಿಸಿದರು.

“ಏನ್ರೀ, ಕೆರೆ ದಾಟಿ ಅಂದ್ರಲ್ಲ. ಕೆರೆ ಎಲ್ಲಿ?”

“ಈಗ ಕೆರೆಯೊಳಗೇ ಇದೀವಿ ಸಾರ್.”

ಸೂಪರ್‌ವೈಸರ್ ಕಾಲು ಸ್ವಲ್ಪ ಮೇಲೆತ್ತಿಕೊಂಡರು. ಯಾಕೆ ಎತ್ತಿಕೊಂಡೆ ಎಂದು ಅವರಿಗೂ ಗೊತ್ತಾಗಲಿಲ್ಲ.

ಎಡಕ್ಕೆ ತಿರುಗಿದ ಮೇಲೆ ಓಣಿ ಡ್ರೈವರನಿಗೆ ತೀರಾ ಪರಿಚಿತವಾಗಿ ಕಂಡಿತು. ನೀರಿನ ತೊಟ್ಟಿ ಪರಿಚಿತ. ತೊಟ್ಟಿಯ ಮೇಲೆ ಮಲಗಿದ್ದ ಬೆಕ್ಕು ಪರಿಚಿತ. ಓಣಿಯ ಹೆಂಗಸರೆಲ್ಲ ಒಂದು ಮನೆಯ ಮುಂದೆ ಸೇರಿದ್ದರು. ಆ ಮನೆಯ ಗೇಟು ಬಿದ್ದಿರಲಿಲ್ಲ, ಹಸಿರು ಬಣ್ಣ ಬಳಿದುಕೊಂಡು ನೆಟ್ಟಗೆ ನಿಂತಿತ್ತು. ಗೇಟಿಗೆ ಒರಗಿ, ಹೊಟ್ಟೆ ಹಿಡಿದು, ಕೆಂಪಾದ ಮುಖದಲ್ಲಿ ಅವನ ಹೆಂಡತಿ ನಿಂತಿದ್ದಳು.

“ಅಯ್ಯೋ! ಇದು ನಮ್ಮನೆ!” ಎಂದ ಡ್ರೈವರ್.

“ಇಷ್ಟ್ ಹೊತ್ತು ಯಾರ್ ಮನೆ ಹುಡುಕ್ತಿದ್ರಿ?” ಎಂದಳು ಹೆಂಡತಿ ಹಲ್ಲು ಕಚ್ಚಿ. “ಫೋನು ಚಾರ್ಜ್ ಇರ್ಲಿಲ್ಲ, ಅಜ್ಜಿ ಕೈಲಿ ಮಾಡಿಸ್ದೆ. ಸೈರನ್ನು ಗುಡ್ಡದ ಕಡೆ ಹೋಗೋದು ಕೇಳಿಸ್ತು. ಗುಡ್ಡದ ಮೇಲೆ ನಾನ್ ಏನ್ ಮಾಡ್ಲಿ? ಅಮ್ಮಾ...”

“ಗೇಟು ಬಿದ್ದ ಮನೆ ಅಂದ್ರೆ... ಅಜ್ಜೀ, ಗೇಟು ನಾನೇ ನಿಲ್ಲಿಸಿದ್ನಲ್ಲ!”

“ನಿಲ್ಲಿಸ್ದೆ. ಬೀಳಿಸಿದ್ದೂ ನೀನೇ ಅಲ್ವಾ?” ಎಂದಳು ಅಜ್ಜಿ. “ನಲವತ್ತು ವರ್ಷ ಈ ಮನೆಗೆ ಹೆಸರೇ ಇರ್ಲಿಲ್ಲ ಮಗಾ. ನಿನ್ನಿಂದ ಆಯ್ತು. ಸರಿ, ಮಾತು ಸಾಕು, ಹತ್ತಿಸು.”

ನರ್ಸಮ್ಮ ಹೆಣಿಗೆ ಬದಿಗಿಟ್ಟು ಹೆಂಡತಿಯನ್ನು ಹತ್ತಿಸಿಕೊಂಡಳು. ಹೆಣಿಗೆ ಬದಿಗಿಟ್ಟಿದ್ದು ಕಂಡೇ ಡ್ರೈವರನಿಗೆ ವಿಷಯ ಎಷ್ಟು ಅವಸರದ್ದು ಎಂದು ತಿಳಿದದ್ದು. ಅಜ್ಜಿ ಯಾರನ್ನೂ ಕೇಳದೆ ಮುಂದಿನ ಸೀಟಿನಲ್ಲಿ ಸೂಪರ್‌ವೈಸರನ್ನು ಒತ್ತರಿಸಿ ಕುಳಿತಳು. “ಸರ್ಕೊಳಪ್ಪಾ. ಇಸ್ತ್ರಿ ಮುದುಡಿದ್ರೆ ಮತ್ತೆ ಹಾಕ್ಬಹುದು.”

ಆಸ್ಪತ್ರೆ ಹೊಳೆಯಾಚೆ. ಗಾಡಿ ಮುಖ್ಯ ಬೀದಿಗೆ ಬರುತ್ತಿದ್ದಂತೆ ನೋಡಿದರೆ, ಮರದ ದಿಮ್ಮಿ ಹೇರಿದ ಲಾರಿಯೊಂದು ಅಚ್ಚು ಮುರಿದುಕೊಂಡು ರಸ್ತೆಗೆ ಅಡ್ಡ ನಿಂತಿತ್ತು. ಆಚೆ ಈಚೆ ಸೈಕಲ್ಲಿಗೂ ಜಾಗವಿಲ್ಲ. ಹಿಂದಿನಿಂದ ಹೆಂಡತಿಯ ಕೂಗು ಕೇಳಿಸಿತು. ಅದರಲ್ಲಿ ಪಾತ್ರೆ ಎಂಬ ಮಾತೂ ಇತ್ತು.

“ಮಿಲ್ಲಿನೊಳಗೆ ನುಗ್ಗಿಸು,” ಎಂದಳು ಅಜ್ಜಿ.

“ಮಿಲ್ಲಿನೊಳಗಾ?”

“ಬಂಡಿಗಳು ಎಣ್ಣೆಬೀಜ ಹಾಕಿ ಹಿಂದಿನಿಂದ ಹೊರಗೆ ಹೋಗ್ತಿದ್ವಲ್ಲ, ಹೇಳಿರ್ಲಿಲ್ವಾ? ಬಂಡಿ ಹೋದ್ಮೇಲೆ ನಿನ್ನ ಗಾಡಿಗೇನು ದಾಡಿ?”

ಟೈಲರ್ ಅಂಗಡಿಗಳ ಸಾಲಿನಲ್ಲಿ ಎರಡರ ನಡುವೆ ಒಂದು ಸಂದಿಯಿತ್ತು. ಅದು ಅಷ್ಟು ಅಗಲ ಯಾಕಿದೆ ಎಂದು ಡ್ರೈವರ್ ಎಂದೂ ಯೋಚಿಸಿರಲಿಲ್ಲ. ಮಿಲ್ಲಿನ ಹೆಬ್ಬಾಗಿಲಿದ್ದ ಜಾಗದಲ್ಲಿ ಗೋಡೆ ಕಟ್ಟಲು ಆ ಊರಿನಲ್ಲಿ ಯಾರಿಗೂ ಮನಸ್ಸು ಬಂದಿರಲಿಲ್ಲ, ಬಾಗಿಲಿಗೆ ಅಡ್ಡವಾಗುತ್ತದೆ ಎಂದು. ಗಾಡಿ ಸಂದಿಗೆ ನುಗ್ಗಿತು. ಒಣಗಲು ಹಾಕಿದ್ದ ಒಂದು ಪರದೆ ಕನ್ನಡಿಗೆ ಸಿಕ್ಕಿಕೊಂಡು ಬಾವುಟದಂತೆ ಹಾರುತ್ತ ಜೊತೆಗೆ ಬಂತು. ಹಿಂದಿನ ಬಂಡಿದಾರಿ ಸೀದಾ ಸೇತುವೆಗೆ ಮುಟ್ಟಿತು. ಅಷ್ಟೂ ದಾರಿ ಅಜ್ಜಿ ಸೂಪರ್‌ವೈಸರಿಗೆ ಎಡಬಲ ತೋರಿಸಿ ವಿವರಿಸುತ್ತಿದ್ದಳು. ಅವರು ಗಡಿಯಾರವಿದ್ದ ಕೈಯಿಂದಲೇ ಮುಂದಿನ ಕಂಬಿ ಹಿಡಿದುಕೊಂಡು, ಹೌದಾ, ಹೌದಾ ಎನ್ನುತ್ತಿದ್ದರು.

ಆಸ್ಪತ್ರೆಯ ಬಾಗಿಲು ದಾಟಿ ಸ್ವಲ್ಪ ಹೊತ್ತಿಗೇ ಮಗು ಹುಟ್ಟಿತು. ಹೆಣ್ಣು. ಮೂರು ವಾರ ಮೊದಲೇ ಬಂದದ್ದಕ್ಕೆ ಕಾರಣ ಕೇಳುವವರ ಮೇಲೆ ಕಿರುಚಿಕೊಳ್ಳುವಷ್ಟು ಗಟ್ಟಿ. ನರ್ಸಮ್ಮ ಹೊರಗೆ ಬಂದು ತಾನು ಹೆಣೆಯುತ್ತಿದ್ದದ್ದನ್ನು ಕೊಟ್ಟಳು. ಅದೊಂದು ಪುಟ್ಟ ಟೊಪ್ಪಿಗೆಯಾಗಿತ್ತು. “ಮೂರು ವಾರ ಇದೆಯಲ್ಲ ಅಂತ ನಿಧಾನಕ್ಕೆ ಮಾಡ್ತಿದ್ದೆ. ತುದಿ ಬಿಟ್ಟಿದೆ, ಎಳೀಬೇಡಿ,” ಎಂದಳು.

ಡ್ರೈವರ್ ಟೊಪ್ಪಿಗೆ ಹಿಡಿದುಕೊಂಡು ಹೊರಗಿನ ಬೆಂಚಿನಲ್ಲಿ ಕುಳಿತ. ಪಕ್ಕದಲ್ಲಿ ಸೂಪರ್‌ವೈಸರ್. ಅವರ ಗಡಿಯಾರ ನಿಂತುಹೋಗಿತ್ತು, ಕಂಬಿಗೆ ಬಡಿದಿರಬೇಕು. ಅಷ್ಟರಲ್ಲಿ ಅವರ ಫೋನು ಮೊಳಗಿತು. ಮೇಲಿನ ಅಧಿಕಾರಿಯ ದನಿ ಎಷ್ಟು ದೊಡ್ಡದೆಂದರೆ ಡ್ರೈವರನಿಗೂ ಪೂರ್ತಿ ಕೇಳಿಸುತ್ತಿತ್ತು.

“ಏನ್ರೀ, ಹೋಗಿದ್ರಾ? ಯಾವ ದಾರೀಲಿ ಹೋದ್ರಿ, ಎಷ್ಟು ಹೊತ್ತಾಯ್ತು?”

“ಹೊತ್ತು ಸರಿಯಾಗಿ ಹೇಳೋಕಾಗಲ್ಲ ಸಾರ್. ದಾರಿ ಅಂದ್ರೆ...” ಸೂಪರ್‌ವೈಸರ್ ಕಣ್ಣು ಮುಚ್ಚಿ ನೆನಪಿಸಿಕೊಂಡರು. ಅಜ್ಜಿ ಕಿವಿಯಲ್ಲಿ ತುಂಬಿದ್ದು ಇನ್ನೂ ಇಳಿದಿರಲಿಲ್ಲ. “ಸುಂಕದ ಕಟ್ಟೆಯಿಂದ ಹೊರಟು, ಸಿನಿಮಾ ಟಾಕೀಸ್ ದಾಟಿ, ಗಡಿಯಾರದ ಕಂಬದ ಹತ್ರ ಇಳಿದು, ಕೆರೆ ದಾಟಿ ಎಡಕ್ಕೆ ಸಾರ್. ಬರುವಾಗ ಎಣ್ಣೆ ಮಿಲ್ಲಿನ ಒಳಗಿಂದ ಬಂದ್ವಿ.”

ಆ ಕಡೆ ಕಾಗದ ಮಗುಚುವ ಸದ್ದಾಯಿತು.

“ಟಾಕೀಸಾ? ಮಿಲ್ಲಾ? ಅಲ್ರೀ, ಅದೇನೋ ಕುಗ್ರಾಮ, ಗಾಡಿ ಬೇಕಾಗಿಲ್ಲ ಅಂತ ಇಲ್ಲಿ ಯಾರೋ ಬರೆದು ಕೂತಿದಾರೆ! ಕೆರೆ, ಮಿಲ್ಲು, ಗಡಿಯಾರ ಎಲ್ಲಾ ಇರೋ ಊರಿಂದ ಆಂಬುಲೆನ್ಸ್ ಕಿತ್ಕೊಂಡ್ರೆ ಜನ ನಮ್ಮನ್ನ ಸುಮ್ನೆ ಬಿಡ್ತಾರೇನ್ರೀ? ಮಿಲ್ಲಲ್ಲಿ ಕೂಲಿಗಳು ಎಷ್ಟಿರ್ತಾರೆ!”

ಸೂಪರ್‌ವೈಸರ್ ಕಣ್ಣು ತೆರೆದರು. ಡ್ರೈವರನನ್ನು ನೋಡಿದರು. ಅವನ ಕೈಯಲ್ಲಿದ್ದ ತುದಿ ಬಿಟ್ಟ ಟೊಪ್ಪಿಗೆಯನ್ನು ನೋಡಿದರು. ಬೆಂಚಿನ ಕೊನೆಯಲ್ಲಿ ಅಜ್ಜಿ ತನಗೂ ಇದಕ್ಕೂ ಸಂಬಂಧವಿಲ್ಲದವಳಂತೆ ಚಪ್ಪಲಿಯ ಮಣ್ಣು ಕೊಡವುತ್ತಿದ್ದಳು.

“ಈಗ ಯಾರೂ ಕಾಣಲಿಲ್ಲ ಸಾರ್,” ಎಂದರು ಸೂಪರ್‌ವೈಸರ್, ಒಂದೊಂದೇ ಮಾತನ್ನು ಆರಿಸಿ. “ಆದ್ರೆ ಊರು ನಾವು ಅಂದ್ಕೊಂಡಿದ್ದಕ್ಕಿಂತ ದೊಡ್ಡದು. ಅದಂತೂ ನಿಜ.”

“ಹಾಗಾದ್ರೆ ಗಾಡಿ ಅಲ್ಲೇ ಇರ್ಲಿ.”

ಸೂಪರ್‌ವೈಸರ್ ಫೋನು ಜೇಬಿಗೆ ಹಾಕಿದರು. ಎದ್ದು ನಿಂತು, ಇಸ್ತ್ರಿಯ ಗೆರೆ ಹುಡುಕಿ, ಅದು ಸಿಗದೆ ಬಿಟ್ಟುಬಿಟ್ಟರು. “ಆ ಲಾರಿ ನಿಂತಿರೋ ಜಾಗದಲ್ಲಿ ನನ್ನ ಬಸ್ಸು ಸಿಗತ್ತೇನ್ರೀ?”

“ಇಲ್ಲ ಸಾರ್. ಹಳೇ ಬಾವಿ ಹತ್ರ ನಿಲ್ಲತ್ತೆ,” ಎಂದ ಡ್ರೈವರ್. ಬಾವಿ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಅವರು ಏನೂ ಕೇಳದೆ ತಲೆಯಾಡಿಸಿ ಹೊರಟುಹೋದರು. ತಲುಪಿದರೋ ಇಲ್ಲವೋ ಡ್ರೈವರನಿಗೆ ಇಂದಿಗೂ ಗೊತ್ತಿಲ್ಲ.

ಹೆಂಡತಿಗೆ ಅವನು ಸುದ್ದಿ ಹೇಳಿದ. ಅವಳು ಮಗುವಿನ ಮೇಲಿನಿಂದ ಕಣ್ಣೆತ್ತದೆ, “ಮೊದಲು ಮನೆ ದಾರಿ ಕಲೀರಿ,” ಎಂದಳು. ಆದರೆ ದನಿಯಲ್ಲಿ ಗಂಟು ಬಿಚ್ಚಿತ್ತು.

ವಾರದ ನಂತರ ಒಂದು ಬೆಳಿಗ್ಗೆ ಅವನು ಎಂದಿನಂತೆ ಗಾಡಿ ನಿಲ್ಲಿಸಿ ಚಹಾಕ್ಕೆ ಕುಳಿತಿದ್ದ. ಗಾಡಿಯ ಪಕ್ಕದಲ್ಲೇ ಸೈಕಲ್ ನಿಲ್ಲಿಸಿ, ಕೆಂಪು ಅಕ್ಷರಗಳಿಗೆ ಬೆನ್ನು ಒರಗಿಸಿಕೊಂಡು, ಒಬ್ಬ ಫೋನಿನಲ್ಲಿ ಯಾರಿಗೋ ದಾರಿ ಹೇಳುತ್ತಿದ್ದ. ಡ್ರೈವರ್ ಕಿವಿಗೊಟ್ಟ.

“ಎಲ್ಲಿದೀನಿ ಅಂದ್ರೆ? ಇಲ್ಲೇ ಕಣೋ, ಕೋಳಿ ಅಂಗಡಿ ಹತ್ರ.”

ಡ್ರೈವರನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. “ಅಣ್ಣಾ, ಇನ್ನೊಂದ್ ಚಹಾ,” ಎಂದ.

“ಇದಕ್ಕೆ ದುಡ್ಡು ಕೊಡ್ಬೇಕು,” ಎಂದ ಚಹಾದಣ್ಣ.